ಮೂವತ್ತೈದು ಸಾವಿರದವರೆಗೆ



ಶ್ರೀರಂಗಪಟ್ಟಣದಲ್ಲೋ ಕೆ.ಆರ್. ಪೇಟೆಯಲ್ಲೋ ಬಸ್ಸಿಗೆ ಕಾಯುತ್ತ ನಿಂತವರು ಕಂಬಕ್ಕೆ ಅಂಟಿಸಿದ ಈ ಚೀಟಿಯನ್ನು ಓದಿಯೇ ಇರುತ್ತೀರಿ. ಹಳದಿ ಕಾಗದ, ಕೆಂಪು ಅಕ್ಷರ. ‘ಡ್ರೈವರ್‌ಗಳು ಬೇಕಾಗಿದ್ದಾರೆ. ಬ್ಯಾಡ್ಜ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಸಂಬಳ 35,000ದವರೆಗೆ. ಊಟ, ವಸತಿ ಉಚಿತ. ಇಂದೇ ಸೇರಿ.’ ಕೆಳಗೊಂದು ಮೊಬೈಲ್ ನಂಬರು. ಕಂಪನಿ ಯಾವುದು, ಕಚೇರಿ ಎಲ್ಲಿ, ಓಡಿಸಬೇಕಾದ್ದು ಕಾರೋ ಲಾರಿಯೋ ಶಾಲೆ ಬಸ್ಸೋ, ಒಂದೂ ಇಲ್ಲ. ಈಗೀಗ ಈ ಚೀಟಿ ಕಂಬದ ಮೇಲಿರುವುದಕ್ಕಿಂತ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಇರುವುದೇ ಹೆಚ್ಚು. ಹಾಕಿದವನು ಏಜೆನ್ಸಿಯವನೂ ಆಗಿರಬೇಕಿಲ್ಲ. ತಲೆಗೆ ಇಷ್ಟು ಅಂತ ಕಮಿಷನ್ ಸಿಗುತ್ತದೆಂದು ನಮ್ಮ ಪಕ್ಕದ ಬೀದಿಯ ಹುಡುಗನೇ ಹಾಕಿರುತ್ತಾನೆ.

‘ಅದೆಲ್ಲ ಬರೀ ಸುಳ್ಳು ಬಿಡಿ’ ಎಂದು ಮಾತು ಮುಗಿಸಿಬಿಡಬಹುದು. ನಾನು ಹಾಗೆ ಹೇಳುವುದಿಲ್ಲ. ಬರೀ ಸುಳ್ಳಾಗಿದ್ದರೆ ನಮ್ಮವರು ಎಂದೋ ಕಂಡುಹಿಡಿದುಬಿಡುತ್ತಿದ್ದರು; ಹೇಮಗಿರಿ ಜಾತ್ರೆಯಲ್ಲಿ ಹೋರಿಯ ಬಾಯಿ ತೆರೆಸಿ ಹಲ್ಲು ನೋಡಿ ವ್ಯಾಪಾರ ಮಾಡಿದ ಸೀಮೆ ಇದು. ಆ ಮೂವತ್ತೈದು ಸಾವಿರ ಯಾವನೋ ಒಬ್ಬ ಡ್ರೈವರಿಗೆ ಯಾವುದೋ ಒಂದು ತಿಂಗಳು ಬಂದಿರುತ್ತದೆ. ಅವನು ಆ ತಿಂಗಳು ರಜೆ ತೆಗೆದುಕೊಂಡಿರುವುದಿಲ್ಲ, ರಾತ್ರಿ ಡ್ಯೂಟಿ ಬಿಟ್ಟಿರುವುದಿಲ್ಲ, ಯುಗಾದಿಗೆ ಊರಿಗೆ ಬಂದಿರುವುದಿಲ್ಲ. ಒಬ್ಬನ ಒಂದು ತಿಂಗಳ ದುಡಿಮೆಯನ್ನು ಎಲ್ಲರ ಎಲ್ಲ ತಿಂಗಳ ಸಂಬಳ ಎನ್ನುವಂತೆ ಅಚ್ಚು ಹಾಕಿಸುವುದರಲ್ಲಿದೆ ಕೈಚಳಕ. ಸುಳ್ಳನ್ನು ಹಿಡಿಯಬಹುದು. ಅರ್ಧ ನಿಜವನ್ನು ಹಿಡಿಯುವುದು ಕಷ್ಟ.

ಈ ಚೀಟಿಗೆ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಓದುಗರಿಗೆ ಬರವಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರಿದೆ, ಕೆ.ಆರ್. ಪೇಟೆಗೆ ಹೇಮಾವತಿ ಬರುತ್ತದೆ. ನಾಗಮಂಗಲದ ಬಹುಪಾಲು ಹೊಲ ಇವತ್ತಿಗೂ ಆಕಾಶ ನೋಡಿಕೊಂಡೇ ಇದೆ. ನೀರಿದ್ದರೂ ಇಲ್ಲದಿದ್ದರೂ ಅಣ್ಣತಮ್ಮಂದಿರಿಗೆ ಹಂಚಿಹೋಗಿ ಉಳಿದದ್ದು ತುಂಡು ಭೂಮಿ. ಮೀಸೆ ಮೂಡುವ ಮೊದಲೇ ಹುಡುಗ ಟ್ರ್ಯಾಕ್ಟರ್ ಸೀಟಿನ ಮೇಲೆ ಕೂತಿರುತ್ತಾನೆ, ಕಬ್ಬಿನ ಲೋಡು ಹೊಡೆದಿರುತ್ತಾನೆ. ಹದಿನೆಂಟು ತುಂಬುತ್ತಲೇ ಮಂಡ್ಯದ ಕೆಎ 11 ಕಚೇರಿಗೋ ನಾಗಮಂಗಲದ ಕೆಎ 54 ಕಚೇರಿಗೋ ಹೋಗಿ ಡಿಎಲ್ ಮಾಡಿಸುತ್ತಾನೆ. ಅವನ ಕೈಲಿರುವ ಸರ್ಟಿಫಿಕೇಟು ಅದೊಂದೇ. ದೂರಕ್ಕೆ ಹೋಗಿ ದುಡಿಯುವುದು ನಮಗೆ ಹೊಸದೂ ಅಲ್ಲ. ಕೆ.ಆರ್. ಪೇಟೆಯ ಎಷ್ಟು ಮನೆಗಳಿಗೆ ಮುಂಬೈ ನಂಟಿತ್ತು ಎಂಬುದು 2020ರ ಮೇ ತಿಂಗಳಲ್ಲಿ, ಲಾಕ್‌ಡೌನಿನ ಮಧ್ಯೆ ಅವರೆಲ್ಲ ವಾಪಸ್ ಬಂದಾಗ ರಾಜ್ಯಕ್ಕೇ ಗೊತ್ತಾಯಿತು. ಈಗ 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಹೊಸ ಹೆದ್ದಾರಿಯಿಂದ ಬೆಂಗಳೂರು ಇನ್ನೂ ಹತ್ತಿರಕ್ಕೆ ಬಂದಿದೆ. ಬೆಳಿಗ್ಗೆ ಗಣಂಗೂರು ಟೋಲ್ ದಾಟಿದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಏಜೆನ್ಸಿ ಕಚೇರಿಯ ಮೆಟ್ಟಿಲ ಮೇಲೆ.

ಇನ್ನೊಂದು ಕಾರಣವನ್ನು ಬಾಯಿಬಿಟ್ಟು ಹೇಳಬೇಕು. 2022ರ ನವೆಂಬರಿನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನಡೆದ ವಧು-ವರರ ಸಮಾವೇಶಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಗಂಡುಗಳು ಬಂದಿದ್ದರು, ಹೆಣ್ಣುಗಳು ಸುಮಾರು ಇನ್ನೂರೈವತ್ತು ಎಂದು ಪತ್ರಿಕೆಗಳೆಲ್ಲ ಬರೆದವು. ವ್ಯವಸಾಯ ಮಾಡುವವನಿಗೆ ಹೆಣ್ಣು ಕೊಡುವವರಿಲ್ಲ. ಹೀಗಿರುವಾಗ ‘ಬೆಂಗಳೂರಲ್ಲಿ ಕೆಲಸ, ಮೂವತ್ತೈದು ಸಾವಿರ’ ಎಂಬ ಮಾತಿಗೆ ಇನ್ನೊಂದು ಬೆಲೆಯೂ ಇದೆ. ಹೆಣ್ಣಿನ ಕಡೆಯವರ ಮುಂದೆ ಅಪ್ಪ ಹೇಳುವ ಸಂಖ್ಯೆ ಅದು. ಚೀಟಿ ಅಂಟಿಸುವವನಿಗೆ ಇದೂ ಗೊತ್ತು.

ಫೋನು ಮಾಡಿದರೆ ಮಾತು ಸಾಮಾನ್ಯವಾಗಿ ಹೀಗೆ ನಡೆಯುತ್ತದೆ:

‘ಅಕ್ಕಾ, ಡ್ರೈವರ್ ಕೆಲ್ಸದ್ದು ನೋಡ್ದೆ. ಸಂಬ್ಳ ಎಷ್ಟ್ ಬತ್ತದೆ?’

‘ಥರ್ಟಿ ಫೈವ್‌ವರೆಗೂ ಇದೆ ಸರ್. ಲೈಸೆನ್ಸ್ ತಗೊಂಡು ಎಷ್ಟು ವರ್ಷ ಆಯ್ತು?’

‘ಮೂರ್ ವರ್ಸ.’

‘ಸೋಮವಾರ ಬಂದ್ಬಿಡಿ ಸರ್. ಒರಿಜಿನಲ್ ಡಿಎಲ್, ಆಧಾರ್, ಎರಡು ಫೋಟೊ ತನ್ನಿ. ರಿಜಿಸ್ಟ್ರೇಷನ್‌ಗೆ ಸಾವಿರದ ಐನೂರು.’

‘ಡ್ಯೂಟಿ ಎಷ್ಟ್ ಗಂಟೆ ಅಕ್ಕಾ?’

‘ಅದು ಪಾರ್ಟಿ ಮೇಲೆ ಹೋಗುತ್ತೆ ಸರ್. ನೀವು ಬನ್ನಿ, ಇಲ್ಲಿ ಎಲ್ಲಾ ಹೇಳ್ತೀವಿ.’

ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆಯೇ. ಉತ್ತರ ಸಿಗದಿದ್ದರೂ ಸೋಮವಾರ ಬಸ್ಸು ಹತ್ತಿದನಲ್ಲ, ಅಲ್ಲಿ ಸೋತ. ಅವನನ್ನು ಬೈದು ಪ್ರಯೋಜನವಿಲ್ಲ. ಮನೆಯಲ್ಲಿ ಸಂಘದ ಸಾಲದ ಕಂತು ಇದೆ, ಕೈಯಲ್ಲಿ ಬೇರೆ ನಂಬರಿಲ್ಲ.

ಈಗ ಆ ಸಂಖ್ಯೆಯನ್ನೇ ಬಿಚ್ಚಿ ನೋಡೋಣ. ಪೆನ್ನು ಕಾಗದ ಇದ್ದರೆ ತೆಗೆದುಕೊಳ್ಳಿ. ಲೆಕ್ಕಕ್ಕೆ ಸುಲಭವಾಗಲೆಂದು ಚೀಟಿಯಲ್ಲಿ 25,000 ಎಂದಿದೆ ಅಂತ ಇಟ್ಟುಕೊಳ್ಳೋಣ. ಕಚೇರಿಗೆ ಹೋದ ಮೇಲೆ ತಿಳಿಯುವುದು, ಅದು ಸಿಟಿಸಿ ಅಂತೆ. ಅಂದರೆ ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಂಡರೆ ಮಾಲೀಕನಿಗೆ ಬೀಳುವ ಒಟ್ಟು ಖರ್ಚು. ಅದರೊಳಗೆ ಮಾಲೀಕ ಕಟ್ಟಬೇಕಾದ ಪಿಎಫ್ ಇದೆ. 15,000ದ ಮಿತಿಗೆ ಶೇಕಡ 12, ಮೇಲೆ ಆಡಳಿತ ವೆಚ್ಚ, ವಿಮೆಯ ವಂತಿಗೆ ಸೇರಿ ಶೇಕಡ 13, ಅಂದರೆ 1,950 ರೂಪಾಯಿ. ಮಾಲೀಕನ ಪಾಲಿನ ಇಎಸ್‌ಐ ಶೇಕಡ 3.25, ಸಂಬಳ 20,000 ಆದರೆ 650. ಬೋನಸ್ಸು, ರಜೆಯ ಸಂಬಳ, ಯೂನಿಫಾರಂ ಎಂದು 2,400 ಎತ್ತಿಟ್ಟರು ಅನ್ನಿ. ಅಲ್ಲಿಗೆ ಸಂಬಳ ಅಂತ ಉಳಿದದ್ದು 20,000. ಇದರಿಂದ ನಿಮ್ಮ ಪಾಲಿನ ಪಿಎಫ್ 1,800, ನಿಮ್ಮ ಪಾಲಿನ ಇಎಸ್‌ಐ ಶೇಕಡ ಮುಕ್ಕಾಲು, 150 ರೂಪಾಯಿ. ಕೈಗೆ ಬಂದದ್ದು 18,050.

ಪಿಎಫ್, ಇಎಸ್‌ಐ ಕಡಿಯುವುದೇ ಮೋಸ ಎಂದು ತಿಳಿಯಬೇಡಿ. ಪಿಎಫ್ ದುಡ್ಡು ನಿಮ್ಮದೇ, ಇಎಸ್‌ಐ ಕಾರ್ಡಿದ್ದರೆ ಹೆಂಡತಿ ಮಕ್ಕಳಿಗೂ ಆಸ್ಪತ್ರೆಯಿದೆ. ಕಡಿದ ಪಿಎಫ್ ಕಟ್ಟಿದ್ದಾರೋ ಇಲ್ಲವೋ ಎಂದು ಯುಎಎನ್ ಪಾಸ್‌ಬುಕ್ಕಿನಲ್ಲಿ ತಿಂಗಳು ತಿಂಗಳೂ ನೋಡಿಕೊಳ್ಳಬೇಕು, ಅಷ್ಟೇ. ಮಾಲೀಕ ತನ್ನ ಕೈಯಿಂದ ಕಟ್ಟಬೇಕಾದದ್ದನ್ನೂ ನಿಮ್ಮ ಸಂಬಳದ ಲೆಕ್ಕಕ್ಕೆ ಸೇರಿಸಿ ಚೀಟಿ ಅಚ್ಚು ಹಾಕಿಸುವುದು ಮೋಸ.

ಮಂಡ್ಯ ಜಿಲ್ಲೆಯ ರೈತನಿಗೆ ಇದು ಹೊಸ ಆಟವಲ್ಲ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿಗೆ ಟನ್ನಿಗೆ 3,550 ಎಂದು ದರ ಕಟ್ಟಿತು. ಅದು ಸಕ್ಕರೆ ಇಳುವರಿ ಶೇಕಡ 10.25 ಬಂದರೆ, ಕಾರ್ಖಾನೆಯ ಬಾಗಿಲಿಗೆ ತಲುಪಿಸಿದರೆ. ಇಳುವರಿ ಇಳಿದರೆ ದರವೂ ಇಳಿಯಿತು. ಕಟಾವು, ಸಾಗಣೆ ಕಳೆದರು. ಬಿಲ್ಲಿನಲ್ಲಿ ಬಂದದ್ದೇ ಬೇರೆ. ಗದ್ದೆಯಲ್ಲಿ ನಿಂತು ಅಷ್ಟೂ ಕಡಿತವನ್ನು ಬೆರಳ ಮೇಲೆ ಲೆಕ್ಕ ಹಾಕುವ ಅಪ್ಪ, ಮಗನ ಚೀಟಿ ಕಂಡಾಗ ಮಾತ್ರ ಆ ಬೆರಳು ಮಡಚುವುದಿಲ್ಲ.

ಇಷ್ಟಾದರೂ ನಾವು ಗಂಟೆಯ ಮಾತಿಗೆ ಬಂದಿಲ್ಲ. ನನ್ನ ಪ್ರಕಾರ ಮುಖ್ಯವಾದದ್ದು ಅದೇ. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ, ಅದರ ಮೇಲೆ ದುಡಿಸಿದರೆ ಎರಡು ಪಟ್ಟು ಕೂಲಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಡ್ರೈವರ್, ಕಂಡಕ್ಟರ್, ಕ್ಲೀನರ್‌ಗಳ ಹೆಸರಿನಲ್ಲೇ ಇದನ್ನು ಬರೆದಿಟ್ಟಿತ್ತು. ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕು, ವಾರಕ್ಕೊಂದು ರಜೆ ಕೊಡಬೇಕು ಎಂದೂ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಎಂಬುದು ಉಳಿದಿದೆ. ಆದರೆ ಬೆಂಗಳೂರಿನ ಏಜೆನ್ಸಿ ಕಚೇರಿಗಳಲ್ಲಿ ‘ಡ್ಯೂಟಿ’ ಅಂದರೆ ಹನ್ನೆರಡು ಗಂಟೆ. ಅದನ್ನು ಯಾರೂ ಪ್ರಶ್ನಿಸುವುದೂ ಇಲ್ಲ, ಸೂರ್ಯ ಮೂಡಣದಲ್ಲಿ ಹುಟ್ಟುವುದನ್ನು ಯಾರೂ ಪ್ರಶ್ನಿಸದ ಹಾಗೆ.

ನಮ್ಮ ಲೆಕ್ಕಕ್ಕೇ ಮರಳೋಣ. ತಿಂಗಳಿಗೆ 26 ದಿನ, ದಿನಕ್ಕೆ ಎಂಟು ಗಂಟೆ ಅಂದರೆ 208 ಗಂಟೆ. 20,000ವನ್ನು ಅದರಿಂದ ಭಾಗಿಸಿದರೆ ಗಂಟೆಗೆ 96 ರೂಪಾಯಿ ಚಿಲ್ಲರೆ. ಹನ್ನೆರಡು ಗಂಟೆ ಡ್ಯೂಟಿಯಾದರೆ ತಿಂಗಳಿಗೆ 104 ಗಂಟೆ ಹೆಚ್ಚು ದುಡಿಮೆ. ಅದಕ್ಕೆ ಎರಡು ಪಟ್ಟು ಎಂದರೆ ಇನ್ನೊಂದು 20,000. ಆ ಇಪ್ಪತ್ತು ಸಾವಿರ ಎಂಟು ಗಂಟೆಯ ಸಂಬಳವೇ ಆಗಿದ್ದರೆ, ಹನ್ನೆರಡು ಗಂಟೆ ದುಡಿದವನಿಗೆ ಕಡಿತಕ್ಕೆ ಮೊದಲು ಬರಬೇಕಾದ್ದು 40,000! ಬಂದದ್ದು 18,050. ಅದನ್ನು 312 ಗಂಟೆಗೆ ಹಂಚಿದರೆ ಗಂಟೆಗೆ 58 ರೂಪಾಯಿಯೂ ಪೂರಾ ಇಲ್ಲ. ಇಷ್ಟರ ಮೇಲೆ ‘ಉಚಿತ’ ವಸತಿಗೆ ಮೇಂಟೆನೆನ್ಸ್ ಎಂದು ಹಿಡಿದುಕೊಂಡರೆ, ಬಂಪರ್ ಗೀಚಿದ್ದಕ್ಕೆ ಕಡಿದರೆ, ಅದನ್ನು ನೀವೇ ಕಳೆದುಕೊಳ್ಳಿ.

ಲಾರಿಯದು ಇನ್ನೊಂದು ರೀತಿ. ಅಲ್ಲಿ ಸಂಬಳ ಸಣ್ಣದು, ಬಾಟಾ ದೊಡ್ಡದು. ಚೀಟಿಯಲ್ಲಿ ಎರಡನ್ನೂ ಕೂಡಿಸಿ ಬರೆದಿರುತ್ತಾರೆ. ಬಾಟಾ ಅಂದರೆ ದಾರಿ ಖರ್ಚು. ಊಟ, ಸ್ನಾನ, ಟೈರ್ ಪಂಕ್ಚರು, ಕ್ಲೀನರ್ ಇಲ್ಲದ ಗಾಡಿಯಾದರೆ ಟಾರ್ಪಾಲು ಕಟ್ಟಿದವನ ಕೂಲಿ, ಎಲ್ಲ ಅದರಲ್ಲೇ. ಗಾಡಿ ಓಡಿದರೆ ಬಾಟಾ. ಲೋಡಿಗಾಗಿ ಗೋಡೌನ್ ಮುಂದೆ ಎರಡು ದಿನ ನಿಂತರೆ ಊಟ ನಿಲ್ಲುವುದಿಲ್ಲ, ಬಾಟಾ ಮಾತ್ರ ನಿಲ್ಲುತ್ತದೆ. ಡೀಸೆಲ್ ಆವರೇಜು ಕಡಿಮೆ ಬಂತೆಂದು ಕಡಿತ ಬೇರೆ. ಅನುಭವಸ್ಥ ಡ್ರೈವರುಗಳು ಮೊದಲು ಕೇಳುವುದೇ ‘ಹಾಲ್ಟ್‌ಗೆ ಏನ್ ಕೊಡ್ತೀರಿ’ ಎಂದು. ಹೊಸಬರು ಕಲಿಯಬೇಕಾದ ಪ್ರಶ್ನೆ ಅದು.

ಸರ್ಕಾರಿ ಬಸ್ಸಿನ ಹೆಸರು ಹೇಳುವ ಚೀಟಿಗಳೂ ಬರುತ್ತಿವೆ. ‘ಬಿಎಂಟಿಸಿ ಎಲೆಕ್ಟ್ರಿಕ್ ಬಸ್ಸಿಗೆ ಡ್ರೈವರ್’ ಎಂದರೆ ಮನೆಯವರು ಸರ್ಕಾರಿ ಕೆಲಸ ಅಂದುಕೊಳ್ಳುತ್ತಾರೆ. ಆ ಬಸ್ಸುಗಳಲ್ಲಿ ಕಂಡಕ್ಟರ್ ನಿಗಮದವನು. ಡ್ರೈವರನ್ನು ನೇಮಿಸುವುದು ಬಸ್ಸು ಒದಗಿಸಿದ ಖಾಸಗಿ ಕಂಪನಿ. ಒಂದೇ ಬಸ್ಸಿನೊಳಗೆ ಇಬ್ಬರಿಗೂ ಸಂಬಳ ಬೇರೆ, ನೌಕರಿಯ ಭದ್ರತೆ ಬೇರೆ.

ಟ್ಯಾಕ್ಸಿಯ ಕಥೆ ನಮ್ಮ ಊರುಗಳಿಗೆ ಚೆನ್ನಾಗಿ ಗೊತ್ತು. 2013ರ ಸುಮಾರಿಗೆ ಆ್ಯಪ್ ಟ್ಯಾಕ್ಸಿಗಳು ಬೆಂಗಳೂರಿನಲ್ಲಿ ಬೇರೂರತೊಡಗಿದಾಗ ತಿಂಗಳಿಗೆ ಲಕ್ಷ ರೂಪಾಯಿ ದುಡಿಯಬಹುದು ಎಂಬ ಮಾತು ಹಳ್ಳಿ ಹಳ್ಳಿಗೂ ಹಬ್ಬಿತ್ತು. ಆರಂಭದಲ್ಲಿ ಇನ್ಸೆಂಟಿವ್ ಸುರಿದದ್ದೂ ನಿಜ. ಅದನ್ನು ನಂಬಿ ಒಡವೆ ಅಡವಿಟ್ಟು, ಜಮೀನಿನ ಮೇಲೆ ಸಾಲ ಎತ್ತಿ ಕಾರು ಕೊಂಡರು. ಕಾರುಗಳು ಹೆಚ್ಚಾದವು, ಇನ್ಸೆಂಟಿವ್ ಕರಗಿತು, ಕಂತು ಮಾತ್ರ ಕರಗಲಿಲ್ಲ. 2017ರ ಫೆಬ್ರವರಿಯಲ್ಲಿ ಓಲಾ, ಉಬರ್ ಚಾಲಕರು ಬೆಂಗಳೂರಿನಲ್ಲಿ ಗಾಡಿ ನಿಲ್ಲಿಸಿ ಮುಷ್ಕರಕ್ಕೆ ಕೂತರು.

ಸ್ವಾರಸ್ಯ ಏನೆಂದರೆ, ಅದಕ್ಕೆ ಒಂದೇ ತಿಂಗಳು ಮುಂಚೆ ಅಮೆರಿಕದಲ್ಲಿ ಇದೇ ವಿಷಯ ಇತ್ಯರ್ಥವಾಗಿತ್ತು. ನ್ಯೂಯಾರ್ಕಿನಲ್ಲಿ ತನ್ನ ಚಾಲಕರ ವಾರ್ಷಿಕ ಆದಾಯ 90,000 ಡಾಲರಿಗೂ ಮೇಲೆ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 74,000ಕ್ಕೂ ಮೇಲೆ ಎಂದು ಉಬರ್ ಸಾರಿಕೊಂಡಿತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಲೆಕ್ಕ ತೆಗೆದು, ನಿಜವಾದ ಮಧ್ಯದ ಆದಾಯ 61,000 ಮತ್ತು 53,000 ಮಾತ್ರ, ಕಂಪನಿ ಹೇಳಿದಷ್ಟು ದುಡಿದವರು ನೂರಕ್ಕೆ ಹತ್ತು ಮಂದಿಯೂ ಇಲ್ಲ ಎಂದಿತು. 2017ರ ಜನವರಿಯಲ್ಲಿ ಕಂಪನಿ ಎರಡು ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. 2024ರ ಅಕ್ಟೋಬರಿನಲ್ಲಿ ಲಿಫ್ಟ್ ಎಂಬ ಇನ್ನೊಂದು ಕಂಪನಿಯ ಸರದಿ. ಅದು ತೋರಿಸುತ್ತಿದ್ದ ಗಂಟೆಯ ದುಡಿಮೆ ಅತಿ ಹೆಚ್ಚು ಗಳಿಸುವ ಐದನೇ ಒಂದು ಭಾಗದವರದ್ದು, ಜನ ಕೊಟ್ಟ ಟಿಪ್ಸ್ ಕೂಡ ಅದರಲ್ಲಿ ಸೇರಿತ್ತು. 21 ಲಕ್ಷ ಡಾಲರ್ ದಂಡ ಬಿತ್ತು. ಇನ್ನು ಮುಂದೆ ಸಾಮಾನ್ಯ ಚಾಲಕನಿಗೆ ಬರುವಷ್ಟನ್ನೇ ಹೇಳಬೇಕು, ಟಿಪ್ಸ್ ಸೇರಿಸಕೂಡದು ಎಂದು ಆದೇಶವಾಯಿತು. ಅಲ್ಲಿಯ ಜಾಹೀರಾತಿನಲ್ಲೂ ಇಂತಿಷ್ಟು ‘ವರೆಗೆ’ ಎಂದೇ ಇತ್ತು. ನಾಗಮಂಗಲದ ಹುಡುಗ ದಡ್ಡ, ಅದಕ್ಕೇ ಮೋಸಹೋದ ಎನ್ನುವವರು ಇದನ್ನು ನೆನಪಿಡಬೇಕು.

ನಮ್ಮಲ್ಲಿ ಏನೂ ಆಗಿಲ್ಲ ಎಂದಲ್ಲ. ಆ್ಯಪ್‌ಗಳ ಮೂಲಕ ದುಡಿಯುವವರಿಗಾಗಿ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿದೆ. ಅವರಿಗೆ ಸಂದಾಯವಾಗುವ ಮೊತ್ತದ ಮೇಲೆ ಕಂಪನಿಯಿಂದ ಶೇಕಡ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯಬಹುದು. ಒಪ್ಪಂದದ ಷರತ್ತು ಬದಲಾಯಿಸುವುದಿದ್ದರೆ ಕಂಪನಿ 14 ದಿನ ಮುಂಚೆ ತಿಳಿಸಬೇಕು. ಒಳ್ಳೆಯದೇ. ಆದರೆ ಏಜೆನ್ಸಿಯ ಮೂಲಕ ಶಾಲೆ ಬಸ್ಸಿಗೋ ಗಾರ್ಮೆಂಟ್ಸ್ ಗಾಡಿಗೋ ಸೇರಿದ ಡ್ರೈವರ್ ಈ ಕಾಯ್ದೆಯ ಆಚೆಗೆ ಉಳಿಯುತ್ತಾನೆ.

ಕೊಲ್ಲಿ ದೇಶಕ್ಕೆ ಹೋಗುವವರಿಗೆ ಕಟ್ಟುಪಾಡು ಇದಕ್ಕಿಂತ ಬಿಗಿಯಾಗಿದೆ. ವಿದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು. ಸೇವಾಶುಲ್ಕ ಎಂದು 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ನೋಂದಾಯಿತ ಏಜೆಂಟರ ಪಟ್ಟಿ ಇ-ಮೈಗ್ರೇಟ್ ತಾಣದಲ್ಲಿದೆ. ಹತ್ತನೇ ತರಗತಿ ಪಾಸಾಗದವರು ಸೌದಿ, ಕುವೈತ್, ಕತಾರ್, ದುಬೈಯಂಥ ಕಡೆ ಕೆಲಸಕ್ಕೆ ಹೋಗಬೇಕಾದರೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ಆಗ ಕೆಲಸದ ಒಪ್ಪಂದವನ್ನು ಸರ್ಕಾರದವರು ನೋಡುತ್ತಾರೆ. ವಿಚಿತ್ರ ನೋಡಿ, ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಆ ತಪಾಸಣೆಯ ಅಗತ್ಯವಿಲ್ಲ. ಓದಿದವನು, ತಾನೇ ನೋಡಿಕೊಳ್ಳುತ್ತಾನೆ ಎಂಬ ನಂಬಿಕೆ. ಅರಬ್ಬಿಯಲ್ಲಿರುವ ಕರಾರಿಗೆ ಎಸ್ಸೆಸ್ಸೆಲ್ಸಿಯ ಕನ್ನಡ, ಇಂಗ್ಲಿಷು ಎಲ್ಲಿ ಸಾಕಾದೀತು? ‘ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸೋಣ’ ಎಂದವನ ಕೈಗೆ ಪಾಸ್‌ಪೋರ್ಟು ಕೊಡಬೇಡಿ. ಅಲ್ಲಿಯ ಸಂಬಳಕ್ಕೆ ವಸತಿ, ಊಟ ಸೇರಿದೆಯೋ ಇಲ್ಲವೋ, ಮನೆಯ ಡ್ರೈವರೋ ಕಂಪನಿಯ ಡ್ರೈವರೋ ಎಂಬುದು ಇಲ್ಲೇ, ವಿಮಾನ ಹತ್ತುವ ಮೊದಲೇ ಕಾಗದದಲ್ಲಿ ಇರಬೇಕು.

ಹೊರದೇಶಕ್ಕೆ ಹೋಗುವವನಿಗೆ ಇಷ್ಟೆಲ್ಲ ಇದ್ದು, ನೂರು ನೂರೈವತ್ತು ಕಿಲೋಮೀಟರು ದೂರದ ಬೆಂಗಳೂರಿಗೆ ಹೋಗುವವನ ಚೀಟಿಯ ಮೇಲೆ ಒಂದು ಮೊಬೈಲ್ ನಂಬರು ಮಾತ್ರ ಇರುವುದು ನನಗೆ ಸರಿಕಾಣುವುದಿಲ್ಲ. ಏಜೆನ್ಸಿಯವರೆಲ್ಲ ಕಳ್ಳರೆಂದು ನಾನು ಹೇಳುತ್ತಿಲ್ಲ. ಅವರಲ್ಲಿ ನೆಟ್ಟಗೆ ವ್ಯವಹಾರ ಮಾಡುವವರೂ ಇದ್ದಾರೆ. ಅವರ ಕಷ್ಟ ಬೇರೆ. ಕಂಬದ ಮೇಲೆ ಒಬ್ಬ ‘35,000ದವರೆಗೆ’ ಎಂದು ಅಂಟಿಸಿದ್ದಾನೆ, ಪಕ್ಕದಲ್ಲೇ ಇನ್ನೊಬ್ಬ ‘ಕೈಗೆ 18,000, ಹನ್ನೆರಡು ಗಂಟೆ’ ಎಂದು ಇದ್ದದ್ದನ್ನು ಇದ್ದಂತೆ ಬರೆದರೆ ಯಾರ ಫೋನು ಹೊಡೆದುಕೊಳ್ಳುತ್ತದೆ? ನಿಜ ಹೇಳಿದವನ ಅಂಗಡಿ ಮುಚ್ಚುತ್ತದೆ. ಆದ್ದರಿಂದಲೇ ಇದನ್ನು ಡ್ರೈವರನ ಜಾಣತನಕ್ಕೆ, ಏಜೆನ್ಸಿಯ ಮನಸ್ಸಾಕ್ಷಿಗೆ ಬಿಟ್ಟರೆ ಸಾಲದು. ಡ್ರೈವರ್ ಬೇಕು ಎಂದು ಜಾಹೀರಾತು ಹಾಕುವವರು ಯಾರೇ ಇರಲಿ, ಅತಿ ಹೆಚ್ಚು ಬರುವ ಸಂಬಳದ ಬದಲು ಅತಿ ಕಡಿಮೆ ಬರುವ ಸಂಬಳವನ್ನು, ಅದೂ ಕೈಗೆ ಸಿಗುವ ಮೊತ್ತವನ್ನು, ಎಷ್ಟು ಗಂಟೆಗೆ ಎಂಬುದರ ಸಮೇತ ಬರೆಯಬೇಕು. ಎಲ್ಲರಿಗೂ ಒಂದೇ ನಿಯಮವಾದರೆ ನೆಟ್ಟಗಿರುವವನೂ ಬದುಕುತ್ತಾನೆ.

ಅಲ್ಲಿಯತನಕ ನಮ್ಮ ಕೈಲಾಗುವಂಥವು ಕೆಲವಿವೆ. ನೇಮಕಾತಿ ಪತ್ರ ಕೊಡಬೇಕೆಂದು ಹೊಸ ಸಂಹಿತೆ ಹೇಳುತ್ತದೆ. ಕೇಳಿ ಪಡೆಯಿರಿ, ಸಂಬಳ ಕೊಡುವುದು ಏಜೆನ್ಸಿಯೋ ಕಂಪನಿಯೋ ಎಂದು ಅದರಲ್ಲಿ ನೋಡಿ. ಗುತ್ತಿಗೆದಾರ ಸಂಬಳ ಕೊಡದೆ ಕೈಯೆತ್ತಿದರೆ, ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಡಬೇಕು ಎಂಬುದು ಬಹಳ ಹಿಂದಿನಿಂದಲೂ ಇರುವ ಕಾನೂನು. ಹಾಗಾಗಿ ಯಾರ ಗಾಡಿ ಓಡಿಸುತ್ತಿದ್ದೀರಿ ಎಂಬುದು ತಿಳಿದಿರಲಿ. ಒರಿಜಿನಲ್ ಡಿಎಲ್ ಯಾರ ಬೀರುವಿನಲ್ಲೂ ಬಿಡಬೇಡಿ. ಅದು ಅವರ ಬೀರುವಿನಲ್ಲಿದ್ದರೆ ಕೆಲಸ ಬಿಡುವ ಸ್ವಾತಂತ್ರ್ಯವೂ ಅಲ್ಲೇ ಇರುತ್ತದೆ. ಕೆಲಸಕ್ಕೆ ಮುಂಚೆಯೇ ಆನ್‌ಲೈನಿನಲ್ಲಿ ದುಡ್ಡು ಹಾಕಿಸಿಕೊಂಡು ಫೋನು ಆಫ್ ಮಾಡಿದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಸಂಬಳದ ತಕರಾರಿಗೆ ಕಾರ್ಮಿಕ ಇಲಾಖೆಯ ಸಹಾಯವಾಣಿ 155214. ಉಚಿತ ಕಾನೂನು ನೆರವಿಗೆ 15100. ನಮ್ಮ ತಾಲ್ಲೂಕು ನ್ಯಾಯಾಲಯಗಳಲ್ಲೂ ಕಾನೂನು ಸೇವಾ ಸಮಿತಿ ಇದೆ.

ದೂರು ಕೊಡಲು ಹೋದಾಗ ಅಲ್ಲಿ ಕೇಳುವ ಮೊದಲ ಪ್ರಶ್ನೆ ‘ಅಷ್ಟು ಕೊಡುತ್ತೇವೆಂದು ಹೇಳಿದ್ದಕ್ಕೆ ದಾಖಲೆ ಏನಿದೆ?’ ಎಂಬುದು. ಬಹುತೇಕ ಹುಡುಗರ ಹತ್ತಿರ ಏನೂ ಇರುವುದಿಲ್ಲ. ವಾಟ್ಸಾಪ್ ಸ್ಟೇಟಸ್ ಮರುದಿನಕ್ಕೆ ಅಳಿಸಿಹೋಗಿರುತ್ತದೆ, ಕಂಬದ ಚೀಟಿಯ ಮೇಲೆ ಸಿನಿಮಾ ಪೋಸ್ಟರ್ ಬಿದ್ದಿರುತ್ತದೆ. ಆದ್ದರಿಂದ ಫೋನು ಮಾಡುವ ಮೊದಲೇ ಆ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಮೊತ್ತ, ನಂಬರು ಎರಡೂ ಸ್ಪಷ್ಟವಾಗಿ ಬೀಳಲಿ. ಗಂಟೆ ಎಷ್ಟು, ಕೈಗೆ ಎಷ್ಟು ಎಂಬ ಎರಡು ಪ್ರಶ್ನೆಯನ್ನು ಬಾಯಲ್ಲಿ ಕೇಳುವ ಬದಲು ಅದೇ ನಂಬರಿಗೆ ವಾಟ್ಸಾಪಿನಲ್ಲಿ ಬರೆದು ಕಳಿಸಿ. ಬರೆದು ಉತ್ತರ ಕೊಟ್ಟರೆ ಅದು ನಿಮ್ಮ ದಾಖಲೆ. ಉತ್ತರವೇ ಬರದಿದ್ದರೆ ಬಸ್ ಚಾರ್ಜು ಉಳಿಯಿತು.